ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ: ಫಾರ್ಮಸಿಸ್ಟ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಆಸ್ಪತ್ರೆಯ ಔಷಧ ವಿಭಾಗದಲ್ಲಿರುವ ನಮ್ಮ ಸದಸ್ಯರು ಇಂದು ಸಂಜೆ ಉತ್ತರಿಸುತ್ತಾರೆ. ಔಷಧ ಹೊಟ್ಟೆಯಿಂದ ರಕ್ತಕ್ಕೆ ಸೇರುವ ಬಗೆಯಷ್ಟೇ ವಿಷಯ. ಫಾರ್ವರ್ಡ್ ಬೇಡ.

ತುಮಕೂರಿನ ಸದಸ್ಯರು: ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ಕೊಟ್ಟಿದ್ದಾರೆ. ಕೆಲಸ ಮಾಡುವುದು ಜಠರದಲ್ಲಿ ತಾನೇ, ಊಟವಾದ ಮೇಲೆ ನುಂಗಿದರೇನು?

ಫಾರ್ಮಸಿಸ್ಟ್: ಅದು ಜಠರದ ಆಮ್ಲದಲ್ಲಿ ಹಾಳಾಗುವ ಔಷಧ. ಹಾಗಾಗಿ ಮೇಲಿನ ಹೊದಿಕೆ ಜಠರ ದಾಟಿದ ಮೇಲೆ, ಸಣ್ಣ ಕರುಳಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ರಕ್ತಕ್ಕೆ ಸೇರಿ, ರಕ್ತದ ದಾರಿಯಲ್ಲೇ ಜಠರದ ಗೋಡೆಗೆ ಮರಳಿ ಆಮ್ಲದ ಪಂಪುಗಳನ್ನು ನಿಲ್ಲಿಸುತ್ತದೆ. ಪಂಪುಗಳು ಚುರುಕಾಗುವುದು ಊಟದ ಹೊತ್ತಿಗೆ. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಿ.

ಹಾಸನದ ಸದಸ್ಯೆ: ಥೈರಾಯ್ಡ್ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆ ತೆಗೆದುಕೊಳ್ಳುತ್ತೇನೆ. ಡೋಸ್ ಹೆಚ್ಚಿಸುತ್ತಲೇ ಇದ್ದಾರೆ.

ಫಾರ್ಮಸಿಸ್ಟ್: ಕಾಫಿ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಒಂದು ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ. ಅಭ್ಯಾಸ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ. ಈಗಿನ ಡೋಸ್ ಹೆಚ್ಚಾಗಿಬಿಡಬಹುದು.

ಮೈಸೂರಿನ ಸದಸ್ಯರು: ಮಗುವಿನ ಜ್ವರಕ್ಕೆ ಗುದದ್ವಾರದಲ್ಲಿ ಇಡುವ ಔಷಧ ಬೇಗ ಕೆಲಸ ಮಾಡುತ್ತದೆಯೇ?

ಶಿವಮೊಗ್ಗದ ಸದಸ್ಯೆ: ಅಮ್ಮನಿಗೆ ಪಾರ್ಶ್ವವಾಯು. ಮೂಗಿನ ಕೊಳವೆಯಲ್ಲೇ ರಾಗಿ ಗಂಜಿ, ಔಷಧ ಎಲ್ಲವೂ. ಬಿಪಿಗೆ ಮೆಟೊಪ್ರೊಲಾಲ್ ಎಕ್ಸ್‌ಎಲ್ 50, ಪ್ಯಾಂಟೊಪ್ರಜೋಲ್, ಫಿಟ್ಸ್‌ಗೆ ಫೆನಿಟಾಯಿನ್ ಸಿರಪ್. ಮಾತ್ರೆಗಳನ್ನು ಒಟ್ಟಿಗೆ ಕುಟ್ಟಿ, ಸಿರಪ್ಪನ್ನೂ ಸೇರಿಸಿ ಗಂಜಿಯ ಜೊತೆ ಹಾಕುತ್ತೇವೆ. ಕೊಳವೆಯ ಒಳಗೆ ಬಿಳಿ ಪದರ ಕಟ್ಟಿದೆ. ಬೆಳಗಿನ ಔಷಧದ ನಂತರ ಮಂಕಾಗುತ್ತಾರೆ. ನಿನ್ನೆ ಮತ್ತೆ ಫಿಟ್ಸ್ ಬಂತು.

ಫಾರ್ಮಸಿಸ್ಟ್: ಮೊದಲು ನಾಡಿ ಎಣಿಸಿ, ವೈದ್ಯರಿಗೆ ಈಗಲೇ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಎಕ್ಸ್‌ಎಲ್ ಎಂದರೆ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ. ಕುಟ್ಟಿದರೆ ದಿನದ ಪಾಲು ಒಮ್ಮೆಲೇ ಕರುಳಿಗೆ ಸುರಿಯುತ್ತದೆ. ನಾಡಿ, ಬಿಪಿ ಎರಡೂ ಕುಸಿಯಬಹುದು. ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸುವುದೂ ಅಪಾಯ. ಅದೇ ಔಷಧದ ಸಾಮಾನ್ಯ ಮಾತ್ರೆಯನ್ನು ದಿನಕ್ಕೆ ಎರಡು ಹೊತ್ತು ಹಂಚಿ ಕೊಡಬಹುದೇ ಎಂದು ಕೇಳಿ. ಪ್ಯಾಂಟೊಪ್ರಜೋಲ್ ಕುಟ್ಟಿದರೆ ಹೊದಿಕೆ ಹೋಗಿ ಆಮ್ಲದಲ್ಲೇ ಹಾಳಾಗುತ್ತದೆ, ನೀವು ಕೊಟ್ಟೂ ಕೊಡದಂತೆ.

ನನಗೆ ಹೆಚ್ಚು ಆತಂಕ ಫೆನಿಟಾಯಿನ್‌ನದು. ಅದು ಕೊಳವೆಗೆ ಅಂಟುತ್ತದೆ, ಆಹಾರದ ಜೊತೆ ಬೆರೆತರೆ ಹೀರಿಕೆ ಬಹಳ ತಗ್ಗುತ್ತದೆ. ಗಂಜಿಗೂ ಅದಕ್ಕೂ ಹಿಂದೆ ಮುಂದೆ ಒಂದೆರಡು ಗಂಟೆ ಬಿಡುವು ಬೇಕು; ಎಷ್ಟೆಂದು ವೈದ್ಯರು ಹೇಳುತ್ತಾರೆ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸುತ್ತೀರಾ? ಔಷಧ ತಳಕ್ಕೆ ಇಳಿಯುತ್ತದೆ. ಅಲುಗಾಡಿಸದಿದ್ದರೆ ಆರಂಭದ ಚಮಚಗಳಲ್ಲಿ ಔಷಧ ಕಡಿಮೆ, ಕೊನೆಯ ಚಮಚಗಳಲ್ಲಿ ವಿಪರೀತ. ಮಂಕಿಗೆ ಅದೂ ಕಾರಣವಿರಬಹುದು, ರಕ್ತದಲ್ಲಿ ಅದರ ಪ್ರಮಾಣ ಪರೀಕ್ಷಿಸಬೇಕೇ ಎಂದು ಕೇಳಿ. ಔಷಧಗಳನ್ನು ಒಂದೊಂದಾಗಿ ಹಾಕಿ, ಪ್ರತಿಯೊಂದರ ನಂತರವೂ ನೀರು ಬಿಟ್ಟು ಕೊಳವೆ ತೊಳೆಯಬೇಕು.

ಇನ್ನೊಂದು: ಕೊಳವೆಯ ತುದಿ ಎಲ್ಲಿದೆ? ಡಿಸ್ಚಾರ್ಜ್ ಚೀಟಿಯಲ್ಲಿ ಆರ್‌ಟಿ ಎಂದಿದ್ದರೆ ಜಠರ, ಎನ್‌ಜೆ ಎಂದಿದ್ದರೆ ಸಣ್ಣ ಕರುಳಿನ ನಡುಭಾಗ. ಎನ್‌ಜೆ ಆದರೆ ಲೆಕ್ಕವೆಲ್ಲ ಬೇರೆ.

ದಾವಣಗೆರೆಯ ಸದಸ್ಯರು: ಪ್ಯಾಂಟೊಪ್ರಜೋಲ್ ಊಟದ ನಂತರ ಆಗುತ್ತದೆಯೇ?

ಫಾರ್ಮಸಿಸ್ಟ್: ಮೇಲಿದೆ.

ನಿವೃತ್ತ ಮೇಷ್ಟರು: ಫಾರ್ವರ್ಡ್ ಅಲ್ಲ, ಉಪಯುಕ್ತ ಮಾಹಿತಿ: "ಬಿಪಿ ಏರಿದಾಗ ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ನಾಲಿಗೆಯ ಕೆಳಗೆ ಹಿಂಡಿರಿ. ಎದೆನೋವಿಗೆ ಆಸ್ಪಿರಿನ್ ನಾಲಿಗೆಯ ಕೆಳಗಿಡಿರಿ. 10 ಜನರಿಗೆ ಕಳುಹಿಸಿ."

ಫಾರ್ಮಸಿಸ್ಟ್: 10 ಜನರಿಗೆ ಕಳುಹಿಸಬೇಡಿ, ಇಲ್ಲಿಯೂ ಅಳಿಸಿ. ನಿಫೆಡಿಪಿನ್ ನಾಲಿಗೆಯಡಿ ಹೆಚ್ಚೇನೂ ಹೀರಿಕೊಳ್ಳುವುದಿಲ್ಲ. ಉಗುಳಿನ ಜೊತೆ ಗಂಟಲಿಳಿದು ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಬಿಪಿ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಹಿಡಿತವಿಲ್ಲ. ಪಾರ್ಶ್ವವಾಯು, ಹೃದಯಾಘಾತವಾದವರಿದ್ದಾರೆ. ಇದನ್ನು ನಿಲ್ಲಿಸಬೇಕೆಂದು ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 1996ರಲ್ಲೇ ಬರೆದಾಗಿದೆ.

ಹುಬ್ಬಳ್ಳಿಯ ಸದಸ್ಯರು: ಮೇಷ್ಟರೇ, ನಾಲಿಗೆಯಡಿ ಇಡುವುದು ಸಾರ್ಬಿಟ್ರೇಟ್, ಹೃದಯದ ಎದೆನೋವಿನ ಮಾತ್ರೆ. ಆಸ್ಪಿರಿನ್ ಅಗಿಯುವುದು.

ನಿವೃತ್ತ ಮೇಷ್ಟರು: ನನ್ನ ಭಾವನಿಗೆ ಅದೇ ಆಸ್ಪಿರಿನ್ ಜೀವ ಉಳಿಸಿತು. ನೀವು ಎಲ್ಲಿ ಓದಿದ್ದು?

ಹುಬ್ಬಳ್ಳಿಯ ಸದಸ್ಯರು: ನಿಮ್ಮ ಭಾವ ಉಳಿದದ್ದು ಆಂಬುಲೆನ್ಸ್‌ನಿಂದ.

ನಿವೃತ್ತ ಮೇಷ್ಟರು: ಹಿರಿಯರ ಜೊತೆ ಮಾತಾಡುವ ರೀತಿಯೇ ಇದು?

ಫಾರ್ಮಸಿಸ್ಟ್: ಹುಬ್ಬಳ್ಳಿಯವರು ಸರಿ. ಸಾರ್ಬಿಟ್ರೇಟ್ ನಾಲಿಗೆಯಡಿಯ ರಕ್ತನಾಳಗಳಿಂದ ನೇರ ಹೋಗುತ್ತದೆ, ಲಿವರ್ ಅದನ್ನು ಮೊದಲೇ ಮುರಿಯುವುದು ತಪ್ಪುತ್ತದೆ. ಆದರೆ ವೈದ್ಯರು ಬರೆದುಕೊಡದ ಯಾರಿಗೂ ಕೊಡಬೇಡಿ. ಬಿಪಿ ಕಡಿಮೆಯಿದ್ದರೆ, ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡಿದ್ದರೆ ಅಪಾಯ. ಎದೆನೋವಿಗೆ ಮೊದಲ ಔಷಧ 108.

ಮಂಡ್ಯದ ಸದಸ್ಯೆ: ಮಲದಲ್ಲಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇಡಿಯಾಗಿ ಕಂಡಿತು. ನಕಲಿ ಔಷಧವೇ?

ಫಾರ್ಮಸಿಸ್ಟ್: ಎಸ್‌ಆರ್ (ಔಷಧವನ್ನು ನಿಧಾನವಾಗಿ ಬಿಡುವ) ಮಾತ್ರೆಯಾದರೆ ಖಾಲಿ ಚಿಪ್ಪು ಹಾಗೆ ಬರಬಹುದು.

ನಿವೃತ್ತ ಮೇಷ್ಟರು: ತುಪ್ಪದ ಜೊತೆ ನುಂಗಿದರೆ ಯಾವ ಮಾತ್ರೆಯೂ ಪೂರ್ತಿ ಹಿಡಿಯುತ್ತದೆ ಎಂದು ನಮ್ಮ ಪಂಡಿತರು...

ಫಾರ್ಮಸಿಸ್ಟ್: ಇಲ್ಲ.

ಶಿವಮೊಗ್ಗದ ಸದಸ್ಯೆ: ನಾಡಿ 44. ವೈದ್ಯರು ತಕ್ಷಣ ಕರೆತನ್ನಿ ಎಂದರು. ಆರ್‌ಟಿ ಎಂದೇ ಇದೆ.

ಫಾರ್ಮಸಿಸ್ಟ್: ಹೊರಡಿ. ಮಾತ್ರೆಯ ಪಟ್ಟಿಗಳನ್ನೂ ಫೆನಿಟಾಯಿನ್ ಬಾಟಲಿಯನ್ನೂ ಒಯ್ಯಿರಿ. ಎಷ್ಟು ದಿನದಿಂದ ಕುಟ್ಟಿ ಕೊಡುತ್ತಿದ್ದೀರಿ, ಕೊನೆಯ ಡೋಸ್ ಎಷ್ಟು ಗಂಟೆಗೆ ಎಂದು ಹೇಳಿ.

ನಿವೃತ್ತ ಮೇಷ್ಟರು: ಅಲ್ಲಿಯವರೆಗೆ ಎರಡು ಚಮಚ ಜೇನುತುಪ್ಪ...

ಫಾರ್ಮಸಿಸ್ಟ್: ನಿರ್ವಾಹಕರೇ, ಇವರಿದ್ದರೆ ನಾನು ಇರುವುದಿಲ್ಲ.

ಮೈಸೂರಿನ ಸದಸ್ಯರು: ನನ್ನ ಪ್ರಶ್ನೆ ಯಾರೂ ನೋಡಲಿಲ್ಲವೇ?