ತೊಟ್ಟಿ ಮನೆ ರಿಪೇರಿ: ಕೆಂಪು ನೆಲದ ಮೇಲೆ ಟೈಲ್ಸ್ ಹಾಕಿಸಲೇಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವಳು)

ಎಲ್ಲರಿಗೂ ನಮಸ್ಕಾರ. ನಮ್ಮಜ್ಜ ಕಟ್ಟಿಸಿದ ತೊಟ್ಟಿ ಮನೆ ಇದೆ, ನಡುವೆ ಮಾಡಿಲ್ಲದ ತೆರೆದ ಜಾಗವೇ ತೊಟ್ಟಿ. ಮಣ್ಣಿನ ಗೋಡೆ, ಹಲಸಿನ ಕಂಬ, ಮಂಗಳೂರು ಹಂಚು. ಈ ದೀಪಾವಳಿಗೆ ಅಪ್ಪ ಅಮ್ಮ ಬೆಂಗಳೂರು ಬಿಟ್ಟು ಅಲ್ಲಿಗೇ ಹೋಗಿ ನೆಲೆಸುತ್ತಾರೆ.

ಸುಮಾರು 20 ವರ್ಷದ ಹಿಂದೆ ಜಗಲಿಯ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದ್ದೆವು. ಈಗ ಮೊಣಕಾಲೆತ್ತರಕ್ಕೆ ತೇವ ಏರಿದೆ. ಪೇಂಟ್ ಹಪ್ಪಳದ ಹಾಗೆ ಏಳುತ್ತಿದೆ. ರೆಡ್ ಆಕ್ಸೈಡ್ (ಸಿಮೆಂಟಿಗೆ ಕೆಂಪು ಪುಡಿ ಬೆರೆಸಿದ) ನೆಲ ಎರಡು ಕಡೆ ಬಿರುಕು ಬಿಟ್ಟಿದೆ. ಕಂಟ್ರಾಕ್ಟರ್ ಹೇಳೋದು: ಗೋಡೆಗೆ ವಾಟರ್‌ಪ್ರೂಫ್ ಪೇಂಟ್, ನೆಲಕ್ಕೆ ಟೈಲ್ಸ್, ತೊಟ್ಟಿಗೆ ಶೀಟು.

ಅಜ್ಜಿ ದಿನಾ ಒರೆಸಿ ಒರೆಸಿ ಕನ್ನಡಿ ಮಾಡಿದ ನೆಲ ಅದು. ಬೇಸಿಗೆ ಮಧ್ಯಾಹ್ನ ಬರಿ ನೆಲದ ಮೇಲೆ ಮಲಗಿ ಬೆಳೆದವಳು ನಾನು. ಮುಚ್ಚಿಸೋಕೆ ಮನಸ್ಸಿಲ್ಲ. ಆದರೆ ಅಮ್ಮನಿಗೆ ಮಂಡಿನೋವು. ಕತ್ತಲೆ ಅಡುಗೆಮನೆ, ಹೊರಗಿನ ಬಚ್ಚಲು ಅವರಿಗೆ ಕಷ್ಟ. ಏನು ಮಾಡಲಿ?

ಉತ್ತರ (ಸಾಗರದಿಂದ)

ಪೇಂಟ್ ಮಾತ್ರ ಹೊಡೆಸಬೇಡಿ. ನಾವು ಹೊಡೆಸಿ ಕೆಟ್ಟೆವು. ಮರುವರ್ಷ ಗೋಡೆ ತಟ್ಟಿದರೆ ಟೊಳ್ಳು ಸದ್ದು. ಕೆತ್ತಿದಾಗ ಒಳಗಿನ ಮಣ್ಣು ಹಸಿ ಹಿಟ್ಟಿನ ಹಾಗೆ ಕೈಗೆ ಬಂತು.

ಮಣ್ಣಿನ ಗೋಡೆ ನೆಲದಿಂದ ನೀರು ಎಳೆಯುತ್ತದೆ. ಸುಣ್ಣದ ಗಾರೆ ಇದ್ದಾಗ ಅದು ಹಾಗೇ ಆರಿಹೋಗುತ್ತಿತ್ತು. ಸಿಮೆಂಟ್ ದಾರಿ ಮುಚ್ಚುತ್ತದೆ, ನೀರು ಒಳಗೇ ಮೇಲಕ್ಕೆ ಏರುತ್ತದೆ.

ಮೊದಲು ಹೊರಗೆ ನೋಡಿ. ನಮ್ಮಲ್ಲಿ ಅಂಗಳಕ್ಕೆ ಮಣ್ಣು ತುಂಬಿ ಎತ್ತರಿಸಿದ್ದರಿಂದ ಮಾಡಿನ ನೀರೆಲ್ಲ ಗೋಡೆ ಬುಡಕ್ಕೇ ಬರುತ್ತಿತ್ತು. ಅದನ್ನು ತಗ್ಗಿಸಿ, ಸಿಮೆಂಟ್ ಕೆತ್ತಿಸಿ, ಒಂದು ಬೇಸಿಗೆ ಪೂರ್ತಿ ಗೋಡೆ ಆರಲು ಬಿಟ್ಟೆವು. ಆಮೇಲೆ ನೀರಲ್ಲಿ ಅರಳಿಸಿದ ಸುಣ್ಣ 1 ಪಾಲಿಗೆ 3 ಪಾಲು ಮರಳು ಸೇರಿಸಿ ಗಾರೆ ಮಾಡಿಸಿದೆವು. ನಮ್ಮ ಮೇಸ್ತ್ರಿ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಕೂಡ ಹಾಕಿದರು. ತೆಳುವಾಗಿ ಬಳಿಯಬೇಕು, ಅವಸರ ಕೂಡದು.

ದೀಪಾವಳಿಯೊಳಗೆ ಇದು ಆಗಲ್ಲ. ಮಳೆಗಾಲದಲ್ಲಿ ಗೋಡೆ ಆರೋದೇ ಇಲ್ಲ. ಈಗ ಅಮ್ಮನಿಗಾಗಿ ಒಳಗೊಂದು ಬಚ್ಚಲು, ಅಡುಗೆಮನೆ ಮಾಡಿಸಿ. ಅಲ್ಲಿ ಹೊಸ ಸಾಮಾನು ಹಾಕಲು ಹಿಂಜರಿಯಬೇಡಿ. ತೊಟ್ಟಿ ಮುಚ್ಚಬೇಡಿ, ಬಿಸಿಗಾಳಿ ಹೊರಗೆ ಹೋಗೋದೇ ಅಲ್ಲಿಂದ ಅಲ್ವಾ? ಕೋತಿ ಕಾಟ ಇದ್ದರೆ ಜಾಲರಿ ಸಾಕು.

ಉತ್ತರ (ಪುತ್ತೂರಿನಿಂದ)

ನೆಲದ ಬಿರುಕಿಗೆ ಸಿಮೆಂಟ್ ಜೊತೆ ಕೆಂಪು ಪುಡಿ ಕಲಸಿ ತುಂಬಿಸಬಹುದು. ಮೊದಲು ಒಂದು ಕಲ್ಲಿನ ಮೇಲೆ ಬಳಿದು, ಒಣಗಿದ ಮೇಲೆ ಬಣ್ಣ ನೋಡಿ. ಪೂರ್ತಿ ಹೊಂದೋದಿಲ್ಲ, ಗೆರೆ ಕಾಣುತ್ತದೆ. ನನಗಂತೂ ಆ ಗೆರೆ ಇಷ್ಟ. ಆಸಿಡ್ ಸೋಕಿಸಬೇಡಿ, ಆಗಾಗ ತೆಂಗಿನೆಣ್ಣೆ ತಿಕ್ಕಿ.

ಹಂಚು ಇಳಿಸಿದಾಗ ಅದರ ಮೇಲಿನ ಕಾರ್ಖಾನೆಯ ಮುದ್ರೆ ನೋಡಿ. ಮಂಗಳೂರಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು, ಆಮೇಲೆ ಬೇರೆಯವೂ ಬಂದವು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಎಷ್ಟೋ ಸಲ ಸರಿಯಾಗಿ ಕೂರಲ್ಲ, ಸೋರುತ್ತದೆ. ಅದೇ ಮುದ್ರೆಯವನ್ನು ಕೆಡವುವ ಮನೆಗಳಲ್ಲಿ ಹುಡುಕಿ. ಅಡುಗೆಮನೆ ಮೇಲೆ ನಾಲ್ಕು ಗಾಜಿನ ಹಂಚು ಹಾಕಿಸಿದರೆ ಕತ್ತಲೆ ಹೋಗುತ್ತದೆ.

ಪ್ರಶ್ನೆ ಕೇಳಿದವಳು

ಭಾನುವಾರ ಹೋಗಿ ನೋಡಿದೆ. ನಮ್ಮ ಅಂಗಳವೂ ಒಂದು ಗೇಣು ಎತ್ತರ ಆಗಿದೆ! ಗೋಡೆಯೂ ಟೊಳ್ಳು. ಟೈಲ್ಸ್ ಬೇಡ ಅಂತ ಕಂಟ್ರಾಕ್ಟರ್‌ಗೆ ಹೇಳಿಬಿಟ್ಟೆ. ಊಟದ ಕೋಣೆ ಪಕ್ಕದ ಉಗ್ರಾಣವೇ ಅಮ್ಮನ ಬಚ್ಚಲಾಗುತ್ತದೆ. ಸಾಗರದವರೇ, ನಿಮ್ಮ ಸುಣ್ಣದ ಮೇಸ್ತ್ರಿ ಫೆಬ್ರವರಿಯಲ್ಲಿ ತೀರ್ಥಹಳ್ಳಿ ಕಡೆ ಬರ್ತಾರಾ? ದಯವಿಟ್ಟು ಕೇಳಿ ನೋಡಿ.