ಹ್ಯಾಸ್ಕೆಲ್ ಲ್ಯಾಬ್‌ಗೆ ಲ್ಯಾಪ್‌ಟಾಪ್ ಹೆಂಗ ರೆಡಿ ಮಾಡ್ಕೋಬೇಕ್ರೀ?

ಕೇಳಿದ್ದು, ರಾಯಚೂರಿನಿಂದ:
ಬಿಇ ಐದನೇ ಸೆಮಿಸ್ಟರ್. ಈ ಸಲ ಫಂಕ್ಷನಲ್ ಪ್ರೋಗ್ರಾಮಿಂಗ್ ಎಲೆಕ್ಟಿವ್ ತಗೊಂಡೀನಿ, ಭಾಷೆ ಹ್ಯಾಸ್ಕೆಲ್. ಲ್ಯಾಬ್ ಮ್ಯಾನ್ಯುವಲ್‌ನಾಗ 'ಹ್ಯಾಸ್ಕೆಲ್ ಪ್ಲಾಟ್‌ಫಾರ್ಮ್ ಇನ್‌ಸ್ಟಾಲ್ ಮಾಡಿ' ಅಂತ ಅದ. ಹುಡುಕಿದ್ರ ಅದು ನಿಂತೇ ಹೋಗ್ಯಾದ. ನಂದು ವಿಂಡೋಸ್ 10, ರ್‍ಯಾಮ್ 4 ಜಿಬಿ. ಹಾಸ್ಟೆಲ್‌ನಾಗ ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕ ಒಂದೂವರೆ ಜಿಬಿ. ನಿನ್ನೆ ಏನೋ ಒಂದು ಡೌನ್‌ಲೋಡ್ ಹಚ್ಚಿದ್ದೆ, ಅರ್ಧಕ್ಕ ಕರೆಂಟ್ ಹೋತು. ಸೋಮವಾರ ಮೊದಲ ಲ್ಯಾಬ್. ಮಾಡಿದವರು ಯಾರರ ಇದ್ರ ಹೇಳ್ರಿ.

ಕೊಪ್ಪಳದಿಂದ:
ತಮ್ಮಾ, ಮೊದ್ಲು ಆ ಮ್ಯಾನ್ಯುವಲ್ ಮಡಚಿ ಇಡು. ಪ್ಲಾಟ್‌ಫಾರ್ಮ್ 2022ಕ್ಕ ಕೈಬಿಟ್ಟಾರ. ಈಗ ಜಿಎಚ್‌ಸಿಅಪ್ ಅಂತ ಇನ್‌ಸ್ಟಾಲರ್ ಐತಿ. ಜಿಎಚ್‌ಸಿ ಅನ್ನೋ ಹ್ಯಾಸ್ಕೆಲ್ ಕಂಪೈಲರ್, ಪ್ರಾಜೆಕ್ಟ್ ಕಟ್ಟೋ ಕಬಾಲ್ ಮತ್ತ ಸ್ಟ್ಯಾಕ್, ಎಡಿಟರ್‌ನಾಗ ತಪ್ಪು ತೋರಿಸೋ ಲಾಂಗ್ವೇಜ್ ಸರ್ವರ್ ಎಲ್ಲಾ ಅದರಿಂದನ ಬರ್ತಾವು. ನಾ ಮಾಡಿದ ತಪ್ಪು ಏನಂದ್ರ, ಕೇಳಿದ್ದಕ್ಕೆಲ್ಲಾ 'ಹೌದು' ಅಂತ ಒತ್ತಿದ್ದು. ಡಿಸ್ಕ್ ತುಂಬಿತು, ಎಡಿಟರ್ ತೆರೆದ್ರ ಲ್ಯಾಪ್‌ಟಾಪ್ ನರಳಾಕ ಹತ್ತಿತು. 4 ಜಿಬಿ ರ್‍ಯಾಮ್‌ನಾಗ ಲಾಂಗ್ವೇಜ್ ಸರ್ವರ್ ಆಸೆ ಬಿಡು. ಸ್ಟ್ಯಾಕ್‌ಗೂ ಸರ್ವರ್‌ಗೂ 'ಬ್ಯಾಡ' ಅನ್ನು.

ಸೆಮಿಸ್ಟರ್ ಪೂರ್ತಿ ನಾ ನಡೆಸಿದ್ದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮತ್ತ ಜಿಎಚ್‌ಸಿಐ (ಬರೆದಿದ್ದನ್ನ ಅಲ್ಲೇ ಓಡಿಸಿ ನೋಡೋ ಜಿಎಚ್‌ಸಿ ಕಿಟಕಿ), ಎರಡರ ಮ್ಯಾಲೆ. ಒಂದು ಕಿಟಕಿಯಾಗ ಬರಿ, ಸೇವ್ ಮಾಡು, ಇನ್ನೊಂದರಾಗ ಕೋಲನ್ ಆರ್ ಒತ್ತು, ಮತ್ತ ಲೋಡ್ ಆಗ್ತೈತಿ. ಕೋಲನ್ ಟಿ ಹಾಕಿದ್ರ ಟೈಪ್ ಹೇಳ್ತೈತಿ. ಪರೀಕ್ಷಾದಾಗ ಕೇಳೋದು ಹೆಚ್ಚಾಗಿ ಟೈಪ್‌ನ. ಇನ್ನೊಂದು, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಾಗ ಟ್ಯಾಬ್ ಬದಲಿ ಸ್ಪೇಸ್ ಬರುವಂಗ ಸೆಟ್ಟಿಂಗ್ ಮಾಡ್ಕೋ. ಟ್ಯಾಬ್ ಮತ್ತ ಸ್ಪೇಸ್ ಕಲಸಿ ಒಂದು ಇಡೀ ರಾತ್ರಿ ಕಳಕೊಂಡೀನಿ. ಕಣ್ಣಿಗೆ ಸಾಲು ನೆಟ್ಟಗ ಕಾಣ್ತಿತ್ತು, ಕಂಪೈಲರ್ ಮಾತ್ರ ಪಾರ್ಸ್ ಎರರ್ ಅಂತ ಹಟ ಹಿಡಿದಿತ್ತು.

ಬಳ್ಳಾರಿಯಿಂದ, ಲ್ಯಾಬ್ ನೋಡಿಕೊಳ್ಳುವವನು:
ಡೇಟಾ ಕಮ್ಮಿ ಇದ್ರೆ ಜಿಎಚ್‌ಸಿಅಪ್ ಕೂಡ ಬೇಕಾಗಿಲ್ಲ. ವಿಂಡೋಸ್‌ನಲ್ಲಿ ಅದು ಎಂಸಿಸ್2 ಅನ್ನೋ ಲಿನಕ್ಸ್ ಥರದ ಸಲಕರಣೆ ಕಂತೆಯನ್ನೂ ಇಳಿಸಿಕೊಳ್ಳುತ್ತೆ. ಅದರ ಬದಲು ಜಿಎಚ್‌ಸಿ ತಾಣದಲ್ಲಿ ವಿಂಡೋಸ್‌ಗೆ ಅಂತ ಕಟ್ಟಿಟ್ಟ ಒಂದೇ ಕಂತೆ ಸಿಗುತ್ತೆ, ಒಂದು ದಿನದ ಡೇಟಾದಲ್ಲಿ ಮುಗಿಯುತ್ತೆ. ಸೆವೆನ್ ಜಿಪ್‌ನಿಂದ ಎರಡು ಸಲ ಬಿಚ್ಚಬೇಕು. ಬಿಚ್ಚಿದ ಮೇಲೆ ಜಿಬಿಗಟ್ಟಲೆ ಆಗುತ್ತೆ, ಜಾಗ ನೋಡ್ಕೊಳ್ಳಿ. ಒಳಗಿನ ಬಿನ್ ಫೋಲ್ಡರ್ ಪಾತ್‌ಗೆ (ವಿಂಡೋಸ್ ಕಮಾಂಡ್ ಹುಡುಕೋ ಫೋಲ್ಡರ್ ಪಟ್ಟಿಗೆ) ಸೇರಿಸಿದರೆ ಮುಗೀತು, ಸಿ ಕಂಪೈಲರ್ ಅದರೊಳಗೇ ಐತೆ. ನಾನು ಒಂದು ಪೆನ್‌ಡ್ರೈವ್‌ನಲ್ಲಿ ಹಾಕ್ಕೊಂಡು ಮಷೀನಿಂದ ಮಷೀನಿಗೆ ಹೀಗೇ ತಿರುಗಿದ್ದೀನಿ. ಸಿ ಡ್ರೈವ್ ಬುಡದಲ್ಲೇ ಇಡಿ. ಯೂಸರ್ ಹೆಸರಿನ ನಡುವೆ ಸ್ಪೇಸ್ ಇರೋ ಫೋಲ್ಡರ್ ಒಳಗೆ ಇಡಬೇಡಿ.

ಮ್ಯಾನ್ಯುವಲ್ ಹಳೇದಾದ್ರೆ ಇನ್ನೊಂದು ಗೊಂದಲ. ಉದ್ದ ಎಣಿಸೋ ಲೆಂಗ್ತ್ ಫಂಕ್ಷನ್‌ನ ಟೈಪ್ ಬರೀ ಲಿಸ್ಟ್‌ನಿಂದ ಇಂಟ್‌ಗೆ ಅಂತ ಅಚ್ಚಾಗಿರುತ್ತೆ, ನಿಮ್ಮ ಪರದೆ ಮೇಲೆ ಫೋಲ್ಡಬಲ್ ಅಂತ ಏನೋ ಬರುತ್ತೆ. ನಿಮ್ಮದೇನೂ ಕೆಟ್ಟಿಲ್ಲ. 2015ರ ಜಿಎಚ್‌ಸಿ 7.10 ಆವೃತ್ತಿಯಿಂದ ಹಾಗೇ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಇದಕ್ಕೇ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿರ್ತಾರೆ.

ಸಿಂಧನೂರಿನಿಂದ:
ಉಬುಂಟು ಇದ್ದವರಿಗೆ ಒಂದು ಮಾತು. 'ಎಲ್‌ಜಿಎಂಪಿ ಸಿಗಲಿಲ್ಲ' ಅಂತ ಲಿಂಕರ್ ಬೈದ್ರ ಲಿಬ್‌ಜಿಎಂಪಿ ಡೆವ್ ಪ್ಯಾಕೇಜ್ ಹಾಕ್ಕೊಳ್ರಿ. ಇಂಟಿಜರ್ ಅನ್ನೋ ಮಿತಿ ಇಲ್ಲದ ಪೂರ್ಣಾಂಕದ ದೊಡ್ಡ ಲೆಕ್ಕ ಮಾಡೋದು ಅದೇ. ಫ್ಯಾಕ್ಟೋರಿಯಲ್ ಬರೆಯುವಾಗ ಗೊತ್ತಾಗ್ತದ. ಮಿತಿ ಇರೋ ಇಂಟ್ ಇಟ್ರ 20ರ ತನ ಸರಿ ಬರ್ತದ, 21ಕ್ಕ ಮೈನಸ್ ಬರ್ತದ. ಇಂಟಿಜರ್ ಇಟ್ರ 100ಕ್ಕೂ ತೊಂದ್ರಿಲ್ಲ.

ಕೊಪ್ಪಳದಿಂದ, ಮತ್ತ:
ಫ್ಯಾಕ್ಟೋರಿಯಲ್ ಅಂದಿದ್ದಕ್ಕ ನೆನಪಾತು. 'ಎನ್ ಮೈನಸ್ 1' ಸುತ್ತ ಕಂಸ ಮರೀಬ್ಯಾಡ. ಮರೆತ್ರ ಅದು ತನ್ನನ್ನ ತಾನ ಕರಕೋತ ಹೊಂಟ ಬಿಡ್ತೈತಿ. ಕಂಟ್ರೋಲ್ ಸಿ ಮ್ಯಾಲೆ ಬೆರಳಿಟ್ಟುಕೊಂಡ ಕೂಡು.

ಕೇಳಿದ್ದು, ರಾಯಚೂರಿನಿಂದ:
ತಮ್ಮ ಅಲ್ರೀ ಅಣ್ಣಾರ, ತಂಗಿ. ಬಳ್ಳಾರಿ ಸರ್ ಹೇಳಿದಂಗ ಮಾಡ್ದೆ. ಪಾತ್ ಹಾಕಿದ ಮ್ಯಾಲೂ 'ಜಿಎಚ್‌ಸಿಐ ಗೊತ್ತಿಲ್ಲ' ಅಂತಿತ್ತು. ಹಳೇ ಟರ್ಮಿನಲ್ ಮುಚ್ಚಿ ಹೊಸದು ತೆರೆದ್ರ ಬಂತು. ಖುಷಿಗೆ ಒಂದು ಫೈಲ್‌ನಾಗ 'ಕನ್ನಡ' ಅಂತ ಸ್ಟ್ರಿಂಗ್ ಬರೆದು ಲೋಡ್ ಮಾಡಿ ಕೇಳಿದೆ. ಅಕ್ಷರ ಬಿಟ್ಟು 3221, 3240, 3277, 3240, 3233 ಅಂತ ಅಂಕಿ ಉದುರಿಸ್ತು, ಪ್ರತಿಯೊಂದು ಅಂಕಿಗೂ ಮೊದಲ ಒಂದು ಓರೆಗೀಟು. ಏನರ ಕೆಟ್ಟದ ಏನು?

ಬಳ್ಳಾರಿಯಿಂದ:
ಇಲ್ಲಮ್ಮ. ಜಿಎಚ್‌ಸಿಐ ಬೆಲೆ ತೋರಿಸೋದು ಶೋ ಅನ್ನೋ ಫಂಕ್ಷನ್ ಮೂಲಕ. ಶೋ ಇಂಗ್ಲಿಷ್ ಕೀಬೋರ್ಡಿನ ಅಕ್ಷರ, ಅಂಕಿ, ಚಿಹ್ನೆ ಬಿಟ್ಟು ಕನ್ನಡದಂಥ ಬೇರೆ ಲಿಪಿಗೆ ಯೂನಿಕೋಡ್ ಅಂಕಿ ಬರೆಯುತ್ತೆ. ಟರ್ಮಿನಲ್‌ನಲ್ಲಿ ಮೊದಲು ಸಿಎಚ್‌ಸಿಪಿ 65001 (ಟರ್ಮಿನಲ್ ಅನ್ನು ಯುಟಿಎಫ್-8ಕ್ಕೆ ಬದಲಿಸೋ ಕಮಾಂಡ್) ಕೊಟ್ಟು, ಆಮೇಲೆ ಜಿಎಚ್‌ಸಿಐ ತೆರೆದು ಸ್ಟ್ರಿಂಗ್ ಅನ್ನು ಹಾಗೇ ಬರೆಯೋ ಪುಟ್‌ಸ್ಟ್ರ್‌ಎಲ್‌ಎನ್‌ಗೆ ಕೊಡು. ಅಕ್ಷರದ ಜಾಗದಲ್ಲಿ ಡಬ್ಬಿ ಕಂಡರೆ ಅದು ಫಾಂಟಿನ ತಕರಾರು. ನಡುವಿನ 3277 ಒತ್ತಕ್ಷರ ಮಾಡೋ ಹಲಂತ ಚಿಹ್ನೆ. ಈಗ ಲೆಂಗ್ತ್ ಕೇಳಿ ನೋಡು.

ಕೇಳಿದ್ದು, ರಾಯಚೂರಿನಿಂದ:
5 ಅಂತದ ಸರ್. ನಮ್ಮ ಅವ್ವನ್ನ ಕೇಳಿದ್ರ ಮೂರೇ ಅಂತಾಳ.