ಬೇಲಿ ಪಕ್ಕದ ಮುಳ್ಳುಗಿಡ ಬೃಹತಿಯೋ, ಸುಂಡೆಯೋ?

ಪ್ರಶ್ನೆ (ನಾಪೋಕ್ಲು): ಸರ್, ಕಾಫಿ ತೋಟದ ಬೇಲಿ ಪಕ್ಕ ಎದೆಯೆತ್ತರದ ಮುಳ್ಳುಗಿಡಗಳಿವೆ, ಗೊಂಚಲು ಕಾಯಿ. ದಶಮೂಲಕ್ಕೆ (ಹತ್ತು ಬೇರುಗಳ ಆಯುರ್ವೇದ ಔಷಧಿ) ಹಾಕುವ ಬೃಹತಿ ಇದೇ ಅಂತ ಬೇರು ಕೇಳ್ತಿದ್ದಾರೆ. ಅಗೆದು ಕೊಡಬಹುದಾ?

ಉತ್ತರ: ಈಗಲೇ ಅಗೀಬೇಡಿ. ಹೂವನ್ನೂ ಹಣ್ಣನ್ನೂ ನೋಡದೆ ಹೇಳೋಕಾಗಲ್ಲ. ಬೃಹತಿ, ಅಂದ್ರೆ ಸೊಲಾನಮ್ ಆಂಗ್ವಿವಿ, ಹೂ ಸಾಮಾನ್ಯವಾಗಿ ತಿಳಿನೇರಳೆ. ಕಾಯಿ ಸುಮಾರು 1 ಸೆಂ.ಮೀ., ಹಣ್ಣಾದ್ರೆ ಕಿತ್ತಳೆಗೆಂಪು. ಹೂ ಅಚ್ಚಬಿಳಿ, ಕಾಯಿ ತುಸು ದಪ್ಪ, ಬಲಿತರೂ ಕೆಂಪಾಗದಿದ್ದರೆ ಅದು ಸುಂಡೆ. ಕಾಯಿ 2–3 ಸೆಂ.ಮೀ. ಇದ್ದು, ಎಳೆಯದರಲ್ಲಿ ಬಿಳಿ-ಹಸಿರು ಗೆರೆ, ಹಣ್ಣಾದಾಗ ಹಳದಿ ಇದ್ದರೆ ಬೇರೆಯೇ ಜಾತಿ, ವಿಷ. ಮಕ್ಕಳನ್ನ ದೂರ ಇಡಿ.

ಪ್ರಶ್ನೆ: ಹೂ ಬಿಳಿ ಸರ್. ಬೇರು ಬೇರು ಒಂದೇ ಥರ ಕಾಣುತ್ತಲ್ಲ, ಕೊಟ್ಟರೆ ಏನಾಗುತ್ತೆ?

ಉತ್ತರ: ಹಾಗಾದ್ರೆ ಸುಂಡೆ ಇರಬಹುದು, ಆದ್ರೆ ಕಾಯಿಯನ್ನೂ ನೋಡಿ ಖಚಿತ ಮಾಡಿಕೊಳ್ಳಿ. ಒಣಗಿ ತುಂಡಾದ ಮೇಲೆ ಕಣ್ಣಲ್ಲಿ ಗುರುತು ಹಿಡಿಯೋದು ಕಷ್ಟ, ಅದಕ್ಕೇ ಕಲಬೆರಕೆ ಸಲೀಸು. ಔಷಧಿ ಕುಡಿಯೋರು ಬಾಣಂತಿಯರು, ವಯಸ್ಸಾದವರು. ಬೃಹತಿ ಅಂತ ಹೇಳಿ ಕೊಡಬೇಡಿ. ಸುಂಡೆಗೆ ಅದರದ್ದೇ ಬೆಲೆ ಇದೆ: ಎಳೆಕಾಯಿ ಜಜ್ಜಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ್ರೆ ಬಾಳಕ. ಬದನೆ ಕಸಿಗೆ ಬೇರುಗಿಡವಾಗಿಯೂ ಒಳ್ಳೇದು, ಸೊರಗು ರೋಗ ತಡೆಯುತ್ತೆ.

ಪ್ರಶ್ನೆ (ಸೋಮವಾರಪೇಟೆ): ನಿಜವಾದ ಬೃಹತಿ ಬೆಳೆಸೋದು ಹೇಗೆ ಸರ್? ಜೂನ್‌ನಲ್ಲಿ ನೆಟ್ಟ ಗಿಡಗಳು ಹಸಿರಾಗಿದ್ದ ಹಾಗೇ ಬಾಡಿ ಸತ್ತವು.

ಉತ್ತರ: ಅಕ್ಕಾ, ಎಲೆ ಹಳದಿಯಾಗದೆ ಬಾಡಿದ್ರೆ ಬ್ಯಾಕ್ಟೀರಿಯಾ ಸೊರಗು ಅನ್ನೋ ಅನುಮಾನ. ಬಾಡ್ತಿರೋ ಗಿಡದ ಬುಡದಿಂದ 5 ಸೆಂ.ಮೀ. ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗಿಸಿ ಅಲ್ಲಾಡದಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಬಣ್ಣದ ಎಳೆ ಕೆಳಗಿಳಿದರೆ ಖಚಿತ. ಆ ಗಿಡ ಬೇರುಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಮುಂದಿನ ಸಲ ಟೊಮೇಟೊ, ಬದನೆ, ಮೆಣಸಿನಕಾಯಿ ಬೆಳೆದ ಜಾಗ ಬಿಡಿ. ಕೆಂಪು ಹಣ್ಣು ಕಿವುಚಿ, ಬೀಜ ತೊಳೆದು ನೆರಳಲ್ಲಿ ಒಣಗಿಸಿ. ಆಗಸ್ಟ್‌ನಲ್ಲಿ ಸೂರಿನಡಿ ಸಸಿ ಮಾಡಿ, ಮಳೆ ಇಳಿದ ಮೇಲೆ ಏರುಮಡಿಯಲ್ಲಿ 2 ಅಡಿಗೊಂದರಂತೆ ನೆಡಿ. ಕಾಫಿ ಗಿಡದ ದಟ್ಟ ನೆರಳು ಬೇಡ.

ಪ್ರಶ್ನೆ: ಬೇರು ಯಾವಾಗ ತೆಗೀಬೇಕು?

ಉತ್ತರ: ಒಂದು ವರ್ಷ ದಾಟಿದ ಗಿಡದಿಂದ, ಜನವರಿ-ಫೆಬ್ರವರಿಯಲ್ಲಿ. ಮಳೆಗಾಲದಲ್ಲಿ ತೆಗೆದ್ರೆ ಒಣಗೋ ಮೊದಲೇ ಬೂಷ್ಟು. ಮಣ್ಣು ತೊಳೆದು ಬೆರಳುದ್ದ ಕತ್ತರಿಸಿ, ಕಾಫಿ ಕಣದಲ್ಲಿ ಬೇರೆ ಟಾರ್ಪಾಲ್ ಹಾಸಿ ಒಣಗಿಸಿ, ಸಂಜೆ ಮಂಜು ಬೀಳೋ ಮೊದಲು ಒಳಗಿಡಿ. ಬಗ್ಗಿಸಿದ್ರೆ ಪಟ್ಟನೆ ಮುರಿಯಬೇಕು, ಬಳುಕಿದ್ರೆ ಚೀಲಕ್ಕೆ ತುಂಬಬೇಡಿ.